ಗೊಜ್ಜಿಗೊಪ್ಪಿದ ಜರ್ಮನ್ ವೈನು

ಎಂಬತ್ತರ ದಶಕದಲ್ಲಿ ನಾನು ಅಮೆರಿಕದ ಸರಟೋಗಾ ಊರಿನ ಒಂದು ವೈನ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ನಮ್ಮ ಮನೆಯವರು ಬೆಳಿಗ್ಗೆ ಕಾರು ತೆಗೆದುಕೊಂಡು ಸ್ಯಾನ್ ಹೊಸೆಯ ಆಫೀಸಿಗೆ ಹೋಗಿಬಿಡುತ್ತಿದ್ದರು. ನಡೆದು ಹೋಗುವಷ್ಟು ದೂರದಲ್ಲಿ ನನಗೆ ಸಿಕ್ಕಿದ್ದು ಅದೊಂದೇ ಕೆಲಸ. ಮೈಸೂರಿನಲ್ಲಿದ್ದ ಅಮ್ಮನಿಗೆ ಗ್ರೋಸರಿ ಅಂಗಡಿ ಎಂದು ಬರೆದಿದ್ದೆ. ಪೂರ್ತಿ ಸುಳ್ಳಲ್ಲ, ಒಂದು ಮೂಲೆಯಲ್ಲಿ ಬಿಸ್ಕತ್ತು, ಚೀಸು, ದ್ರಾಕ್ಷಿ ರಸ ಇದ್ದವು. ಅಮೆರಿಕಕ್ಕೆ ಕಳಿಸುವಾಗ ಅಮ್ಮ ಆಣೆ ಮಾಡಿಸಿಕೊಂಡಿದ್ದಳು: "ಹೆಂಡ ಮಾತ್ರ ಗಂಟಲಲ್ಲಿ ಇಳೀಕೂಡ್ದು, ಗೊತ್ತಾಯ್ತಾ?"

ಮೊದಲ ವಾರವೇ ಎಡವಿದೆ. ಗಿರಾಕಿಯೊಬ್ಬರು ಡ್ರೈ ವೈನು ಕೇಳಿದರು. ನಮ್ಮೂರಲ್ಲಿ ಡ್ರೈ ಡೇ ಎಂದರೆ ಹೆಂಡದಂಗಡಿಗೆ ಬೀಗ ಬೀಳುವ ದಿನ. ಹಾಗಾದರೆ ಡ್ರೈ ವೈನು ಅಮಲಿಲ್ಲದ್ದೇ ಇರಬೇಕು ಎಂದುಕೊಂಡು ಧೈರ್ಯವಾಗಿ ದ್ರಾಕ್ಷಿ ರಸದ ಬಾಟಲಿ ಕೊಟ್ಟು ಕಳಿಸಿದೆ. ಮರುದಿನ ಅವರು ಅದನ್ನು ಹಿಡಿದುಕೊಂಡು ವಾಪಸು ಬಂದರು. ಅಂಗಡಿಯ ಯಜಮಾನಿ ಜರ್ಮನಿಯಿಂದ ಬಂದು ನೆಲೆಸಿದ್ದ ಮುದುಕಿ. ಡ್ರೈ ಎಂದರೆ ಸಿಹಿಯಿಲ್ಲದ್ದು, ಆಫ್-ಡ್ರೈ ಎಂದರೆ ಚೂರು ಸಿಹಿ ಉಳಿಸಿಕೊಂಡದ್ದು ಎಂದು ತಿಳಿಸಿ ಹೇಳಿದರು. ಆಮೇಲೆ ತಣ್ಣಗೆ ಸೇರಿಸಿದರು: "ಶನಿವಾರ ಗಿರಾಕಿಗಳಿಗೆ ನಮ್ಮ ಜರ್ಮನಿಯ ಆಫ್-ಡ್ರೈ ವೈನು, ರೀಸ್ಲಿಂಗ್, ಅದರ ರುಚಿ ತೋರಿಸೋದು ನೀನೇ. ಅದು ಯಾವ ಊಟಕ್ಕೆ ಹೊಂದುತ್ತೆ ಅಂತ ಹೇಳೋಕೆ ಬರದಿದ್ರೆ ಬೇರೆಯವರನ್ನ ಹುಡುಕ್ತೀನಿ."

"ಬಿಟ್ಟಾಕು, ನಿಂಗ್ಯಾಕೆ ಈ ಟೆನ್ಷನ್ನು?" ಎಂದರು ನಮ್ಮವರು. ನನಗೆ ಸಿಟ್ಟು ಬಂತು. ಅಪಾರ್ಟ್‌ಮೆಂಟಿನಲ್ಲಿ ಹಗಲಿಡೀ ಫ್ರಿಜ್ಜಿನ ಸದ್ದು ಕೇಳುತ್ತ ಕೂತವಳು ನಾನು, ಅವರಲ್ಲ. ಆ ಕೆಲಸ ನನಗೆ ಬೇಕಾಗಿತ್ತು. ನಿಜ ಹೇಳಬೇಕೆಂದರೆ ಆ ಬಾಟಲಿಯೊಳಗೆ ಏನಿದೆಯೆಂಬ ಕುತೂಹಲವೂ ಕೆರಳಿತ್ತು.

ನೈವೇದ್ಯದ ಅಡುಗೆಯನ್ನು ಬಾಯಿಗೆ ಹಾಕಿ ನೋಡುವ ಹಾಗಿಲ್ಲ. ಕುದಿಯುವ ಹುಳಿಯ ವಾಸನೆಯಿಂದಲೇ ಉಪ್ಪು ಸಾಲದು ಎನ್ನುವುದು ನಮ್ಮ ಮನೆ ಹೆಂಗಸರ ವಿದ್ಯೆ. ಮರುದಿನ ಅಂಗಡಿಯಲ್ಲಿ ಆ ಮೂಗನ್ನೇ ರೀಸ್ಲಿಂಗ್ ಗ್ಲಾಸಿನೊಳಗೆ ಇಳಿಸಿದೆ. ಸೇಬು, ನಿಂಬೆಸಿಪ್ಪೆ, ಜೊತೆಗೆ ಒಂದಿಷ್ಟು ಸೀಮೆಎಣ್ಣೆ! ಕೆಟ್ಟಿದೆಯಾ ಎಂದು ಕೇಳಿದ್ದಕ್ಕೆ ಯಜಮಾನಿ ನಕ್ಕರು. ಹಳೆಯ ರೀಸ್ಲಿಂಗಿಗೆ ಆ ವಾಸನೆ ಇರುವುದೇ ಅಂತೆ. "ಇದು ಅನಾನಸ್ ಗೊಜ್ಜಿಗೆ ಹೊಂದುತ್ತೆ" ಎಂದೆ. ಆ ವೈನನ್ನು ಹಂದಿಮಾಂಸದ ಜೊತೆ ಕುಡಿದೇ ಬೆಳೆದ ಅವರಿಗೆ ಗೊಜ್ಜು ಏನು ಗೊತ್ತು? "ಮೂಗು ಸಾಲದು, ಬಾಯಿಗೆ ಹಾಕಿ ಹೇಳು" ಎಂದರು.

ಶುಕ್ರವಾರ ಮನೆಯಿಂದ ಗೊಜ್ಜು, ಮೊಸರನ್ನ ಒಯ್ದೆ. ಯಜಮಾನಿ ಒಂದು ಬಟ್ಟಲು ಮುಂದಿಟ್ಟು, ನುಂಗಬೇಕಾಗಿಲ್ಲ, ರುಚಿ ನೋಡುವವರೆಲ್ಲ ಇದರಲ್ಲಿ ಉಗುಳುತ್ತಾರೆ ಎಂದರು. ಎಂಜಲಿನ ಬಟ್ಟಲು ಮೇಜಿನ ಮೇಲೆ! ಆದರೆ ಅಮ್ಮ ಹೇಳಿದ್ದು ಗಂಟಲಿನ ಮಾತು, ನಾಲಿಗೆಯ ಸುದ್ದಿ ಎತ್ತಿರಲಿಲ್ಲ. ಗೊಜ್ಜು ಬಾಯಿಗಿಟ್ಟು ಒಂದು ಗುಟುಕು ಹೀರಿದೆ. ಮೊದಲು ತಣ್ಣನೆಯ ತಿಳಿ ಸಿಹಿ, ಹಿಂದೆಯೇ ನೆಲ್ಲಿಕಾಯಿಯಂಥ ಹುಳಿ, ಅಷ್ಟರಲ್ಲಿ ಮೆಣಸಿನಕಾಯಿಯ ಉರಿ ಇಳಿದೇ ಹೋಗಿತ್ತು. ಎಲ್ಲವನ್ನೂ ಉಗುಳಿದೆ. ಮೊಸರನ್ನದ ಜೊತೆ ಮಾತ್ರ ಎಣ್ಣೆ-ಸೀಗೆಕಾಯಿ. ಶನಿವಾರ ಗಿರಾಕಿಗಳು ಬಿಸ್ಕತ್ತಿಗೆ ಗೊಜ್ಜು ಸವರಿಕೊಂಡು ತಿಂದು, ಕಪಾಟಿನಲ್ಲಿದ್ದ ರೀಸ್ಲಿಂಗ್ ಬಾಟಲಿಗಳನ್ನೆಲ್ಲ ಕೊಂಡುಹೋದರು. ಕೆಲಸ ಉಳಿಯಿತು.

ಆದರೆ ಅಮ್ಮನಿಗೆ ಮುಚ್ಚಿಡಲಾಗಲಿಲ್ಲ. ಅಂಗಡಿ ಎಂಥದ್ದು, ಬಾಯಿಗೆ ಏನು ಹಾಕಿಕೊಂಡೆ, ಹೇಗೆ ಉಗುಳಿ ಆಣೆ ಉಳಿಸಿದೆ ಎಂದು ಎಲ್ಲ ಬರೆದೆ. ಉತ್ತರ ಬರುವವರೆಗೆ ದಿನವೂ ಹೆದರುತ್ತಲೇ ಅಂಚೆಪೆಟ್ಟಿಗೆ ತೆಗೆಯುತ್ತಿದ್ದೆ.

ಕೊನೆಗೂ ಕಾಗದ ಬಂತು. "ಗೊಜ್ಜಿನ ಸಮೇತ ಉಗುಳಿದೆಯಾ? ಬಾಯಿಗಿಟ್ಟ ಆಹಾರ ಉಗುಳೋದು ಯಾವ ಮನೆ ಬುದ್ಧಿ? ನನಗೆ ಹೆದರಿ ಅನ್ನಕ್ಕೆ ಅವಮಾನ ಮಾಡೋದು ಬೇಡ. ಆಣೆ ವಾಪಸ್ ತಗೊಂಡಿದೀನಿ. ಇನ್ಮೇಲೆ ಏನು ತಿನ್ನಬೇಕು, ಏನು ಕುಡೀಬೇಕು, ನೀನೇ ನೋಡ್ಕೋ."

ಬಿಡುಗಡೆಯಾಯಿತೆಂದು ಖುಷಿಪಡಬೇಕಿತ್ತು. ಇನ್ನು ಮೇಲೆ ಅಮ್ಮ ನನಗೆ ಬೇಡ ಎನ್ನುವುದೇ ಇಲ್ಲವಲ್ಲ ಎಂದು ಅಂಚೆಪೆಟ್ಟಿಗೆಯ ಮುಂದೆ ನಿಂತು ಅತ್ತೆ.