ಮಾಷ್ಟ್ರಿಗೆ ಸಿಕ್ಕಿದ ಎದುರಾಳಿ

ಕೆಮ್ಮಿಗೆಂದು ಮೊನ್ನೆ ಮಂಜೇಶ್ವರದ ಆಯುರ್ವೇದದ ಅಂಗಡಿಯಲ್ಲಿ ಜ್ಯೇಷ್ಠಮಧು ಕೇಳಿದೆ. ಅಂಗಡಿಯವರು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ಸಿಹಿ ಬೇರಿನ ವಾಸನೆಗೆ ಪಕ್ಕದ ಮನೆಯ ಮಾಷ್ಟ್ರು ನೆನಪಾದರು. ಅವರ ಅಂಗಿಯ ಕಿಸೆಯಲ್ಲಿ ಅದರ ತುಂಡೊಂದು ಸದಾ ಇರುತ್ತಿತ್ತು. ಗಂಟಲನ್ನು ಅವರು ಅಷ್ಟು ಜೋಪಾನ ಮಾಡುತ್ತಿದ್ದರು. ಶಾಲೆಯಲ್ಲಿ ಕನ್ನಡ ಕಲಿಸಿದ್ದು ಹೊಟ್ಟೆಪಾಡಿಗೆ, ತಾಳಮದ್ದಳೆಯಲ್ಲಿ ಅರ್ಥ ಹೇಳಿದ್ದು ಜೀವಕ್ಕೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಪಂಚೆ ಉಟ್ಟ ಇಬ್ಬರು ಎದುರುಬದುರು ಕೂತು, ಕರ್ಣಾರ್ಜುನರಾಗಿ ಮಾತಿನಲ್ಲೇ ಹೊಡೆದಾಡುತ್ತಾರೆ, ಅದೇ ಅರ್ಥ ಹೇಳುವುದು. ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬ ಅಲ್ಲೇ ಉತ್ತರ ಕೊಡಬೇಕು, ಕೊಡದಿದ್ದರೆ ಸೋತ ಹಾಗೆ. ಮಾಷ್ಟ್ರ ಎದುರಿಗೆ ಬಹಳ ವರ್ಷ ಕೂತವರು ಮಧೂರಿನ ಕಡೆಯ ಅವರ ಗೆಳೆಯರೊಬ್ಬರು. ಆ ಗೆಳೆಯರು ತೀರಿಕೊಂಡ ಮೇಲೆ ಯಾರು ಎಷ್ಟು ಕರೆದರೂ ಮಾಷ್ಟ್ರು ಅರ್ಥ ಹೇಳಲು ಎಲ್ಲಿಗೂ ಹೋಗಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ.

“ಹೊಗಳ್ಲಿಕ್ಕೆ ಜನ ಉಂಟು ಮಾರಾಯ್ತಿ. ಎದುರು ಹೇಳ್ಲಿಕ್ಕೆ ಯಾರುಂಟು?” ಅಂದರು.

ಆಮೇಲೆ ಜಗಲಿಯಲ್ಲಿ ಸುಮ್ಮನೆ ಕೂರುವುದೇ ಹೆಚ್ಚಾಯಿತು... ಊಟದ ಮೇಲೂ ಆಸೆ ಕಡಿಮೆಯಾಗಿತ್ತು.

ಆ ವರ್ಷ ನಮ್ಮ ವಾಚನಾಲಯದ ವಾರ್ಷಿಕೋತ್ಸವದಲ್ಲಿ ತಾಳಮದ್ದಳೆಯ ಜಾಗಕ್ಕೆ ಬಾಯಾರಿನ ಕಡೆಯ ಒಬ್ಬ ಹೊಸ ರ‍್ಯಾಪರ್ ಬಂದ. ಅವನ ಹಾಡೊಂದನ್ನು ನಾನು ಮುಂಚಿತವಾಗಿ ಫೋನಿನಲ್ಲಿ ಮಾಷ್ಟ್ರಿಗೆ ಕೇಳಿಸಿದ್ದೆ. “ಇದೆಂತ, ಹಾಡಾ ಹರಾಜಾ? ಮೀನಿನ ಹರಾಜಾದ್ರೆ ಕಡೆಗೆ ನಾಲ್ಕು ಬಂಗುಡೆಯಾದ್ರೂ ಸಿಗ್ತದೆ” ಎಂದು ಫೋನು ವಾಪಸ್ ಕೊಟ್ಟರು. ನನಗಂತೂ ಎರಡೂ ಅಷ್ಟಕ್ಕಷ್ಟೆ. ತಾಳಮದ್ದಳೆಯಲ್ಲಿ ನಿದ್ದೆ ಬರುತ್ತದೆ, ರ‍್ಯಾಪಿನಲ್ಲಿ ತಲೆನೋವು. ಆದರೂ ಸಂಜೆ ಅವರೊಡನೆ ಹೋದೆ. ಬಯ್ಯಬೇಕಾದರೂ ಪೂರ್ತಿ ಕೇಳಿಯೇ ಬಯ್ಯಬೇಕು ಎಂಬುದು ಅವರ ವಾದ.

ಕಿಸೆಗಳೇ ತುಂಬಿದ್ದ ಪ್ಯಾಂಟು ತೊಟ್ಟು ಅವನು ವೇದಿಕೆಯ ತುಂಬ ಓಡಾಡಿದ. ಕನ್ನಡ, ತುಳು, ಮಲಯಾಳ ಎಲ್ಲವೂ ಒಂದೇ ಉಸಿರಿಗೆ ಬಂದವು. ನಡುವೆ ನಮ್ಮ ಕಡೆಗೆ ಬೆರಳು ತೋರಿಸಿದ. ಮನೆಗೊಂದು ಭಾಷೆ, ಆಫೀಸಿಗೊಂದು ಭಾಷೆ, ಬಸ್ಸಿಗೊಂದು ಭಾಷೆ, ನನ್ನದು ಯಾವುದು, ಧೈರ್ಯ ಇದ್ದವ ಹೇಳು ಎಂಬಂಥ ಸಾಲು. ಅದು ಹಾಡಿನ ಜಂಬ, ಯಾರೂ ಉತ್ತರ ಹೇಳುವುದಿಲ್ಲ. ಮಾಷ್ಟ್ರಿಗೆ ಅದು ಗೊತ್ತಿರಲಿಲ್ಲ. ಕೇಳಿದ ಪ್ರಶ್ನೆಯನ್ನು ಹಾಗೇ ಬಿಡುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ಶಾಲು ಸರಿಮಾಡಿಕೊಂಡು ಎದ್ದೇಬಿಟ್ಟರು.

“ಎಲಾ ತರುಣ, ಸಿಟ್ಟು ನೆತ್ತಿಗೇರಿದಾಗ ಯಾವುದು ನಾಲಗೆಗೆ ಬರುತ್ತದೆಯೋ ಅದೇ ನಿನ್ನ ಭಾಷೆ.”

ಜನ ನಕ್ಕರು. ನಾನು ಅವರ ಶಾಲಿನ ತುದಿ ಹಿಡಿದು ಎಳೆದೆ, ಅವರು ಕೂರಲಿಲ್ಲ. ಅವನು ಕೈಯೆತ್ತಿ ಸಂಗೀತ ನಿಲ್ಲಿಸಿದ. ಇನ್ನು ಗೇಲಿ ಮಾಡುತ್ತಾನೆ ಅಂದುಕೊಂಡೆ. ಅವನು ವೇದಿಕೆಯ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತ.

“ಸಿಟ್ಟು ಬಂದ್ರೆ ನನಗೆ ಮಾತೇ ಬರುದಿಲ್ಲ ಮಾಷ್ಟ್ರೇ. ಈಗ ಎಂತ ಮಾಡುದು?”

ಮಾಷ್ಟ್ರು ಜೋರಾಗಿ ನಕ್ಕು ಕೂತುಬಿಟ್ಟರು. ಗೆಳೆಯರು ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು: “ಸೋಲಿಸಿದ ಮಾರಾಯ್ತಿ. ಭಾರೀ ಚಂದಕ್ಕೆ ಸೋಲಿಸಿದ.” ಮನೆ ಮುಟ್ಟಿದ್ದೇ ಹಸಿವೆ ಎಂದು ಗಂಜಿ ಕೇಳಿದರು.

ಅವನ ಹೊಸ ಹಾಡು ಬಂದಾಗಲೆಲ್ಲ ಮಾಷ್ಟ್ರು ಫೋನು ತರಲು ಜಗಲಿಯಿಂದಲೇ ನನ್ನನ್ನು ಕರೆಯತೊಡಗಿದರು. ಹಾಡು ಸಣ್ಣದೇ, ಆದರೆ ಮುಗಿಯಲು ಅರ್ಧ ಗಂಟೆ ಬೇಕು. ನಾಲ್ಕು ಸಾಲು ಆದದ್ದೇ “ನಿಲ್ಸು, ನಿಲ್ಸು” ಅನ್ನುತ್ತಿದ್ದರು. ನಾನು ನಿಲ್ಲಿಸಬೇಕು, ಅವರು ಫೋನಿಗೇ ಉತ್ತರ ಕೊಡಬೇಕು, ಆಮೇಲೆ ಮುಂದಿನ ಸಾಲು. ಕೆಲವೊಮ್ಮೆ ಅವನೇ ಬೈಕಿನಲ್ಲಿ ಬರುತ್ತಿದ್ದ. ಆಗ ಜಗಲಿಯ ಜಗಳ ನಮ್ಮ ಅಡುಗೆಮನೆಯವರೆಗೆ ಕೇಳುತ್ತಿತ್ತು. ಇಬ್ಬರೂ ಒಪ್ಪಿಕೊಂಡದ್ದು ಕಡಿಮೆ...

ಕಳೆದ ಮಳೆಗಾಲದಲ್ಲಿ ಮಾಷ್ಟ್ರು ತೀರಿಕೊಂಡರು. ಅವನು ಬಂದು ಅಂಗಳದ ಮೂಲೆಯಲ್ಲಿ ನಿಂತಿದ್ದ.

ಮೊನ್ನೆ ಅಂಗಡಿಯಿಂದ ಬಂದು, ಜ್ಯೇಷ್ಠಮಧುವಿನ ತುಂಡು ಬಾಯಿಗೆ ಹಾಕಿಕೊಂಡು ಅವನ ಹೊಸ ಹಾಡು ಹಾಕಿದೆ. ನಾಲ್ಕನೆಯ ಸಾಲಿನಲ್ಲಿ ಅವನು ಎಂದಿನಂತೆ ಏನೋ ಸವಾಲು ಹಾಕಿದ. ಅಭ್ಯಾಸಬಲದಿಂದ ನನ್ನ ಬೆರಳು ಹಾಡನ್ನು ನಿಲ್ಲಿಸಿತು. ಆಚೆ ಮನೆಯ ಜಗಲಿಯಲ್ಲಿ ಯಾರೂ ಇರಲಿಲ್ಲ. ಉತ್ತರ ಹೇಳುವ ತಾಕತ್ತು ನನಗಿಲ್ಲ. ಬೇಸರವಾಯಿತು, ಅವರಿಗಾಗಿ ಎಷ್ಟೋ ಅವನಿಗಾಗಿಯೂ ಅಷ್ಟೇ. ಮತ್ತೆ ಒತ್ತಿದೆ. ಅವನು ಒಬ್ಬನೇ ಮುಂದುವರಿಸಿದ.