ಮಾವನವರ ಹೂವಿನ ಚೀಲ

ಹಳೆಯ ಟ್ರಂಕಿನಲ್ಲಿ ಸ್ವೆಟರ್ ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ಲಾಡಿ ಪೋಣಿಸಿದ ಹೂವಿನ ಬಟ್ಟೆಯ ಚೀಲ. ಮೂಗಿಗೆ ಹಿಡಿದೆ. ಆಸ್ಪತ್ರೆಯ ವಾಸನೆ ಇನ್ನೂ ಇದೆಯೋ, ನನ್ನ ಭ್ರಮೆಯೋ ತಿಳಿಯಲಿಲ್ಲ. ಈ ವಯಸ್ಸಿನಲ್ಲಿ ಎರಡೂ ಒಂದೇ ಬಿಡಿ.

ಎಂಬತ್ತರ ದಶಕದ ಮಾತು. ಅಜ್ಜಂಪುರದಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ನನ್ನ ಮಾವನವರಿಗೆ ಮೂತ್ರಕೋಶದ ಕ್ಯಾನ್ಸರ್ ಆಯಿತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ, ಮೂತ್ರಕೋಶವನ್ನೇ ತೆಗೆದು, ಹೊಟ್ಟೆಯ ಪಕ್ಕಕ್ಕೊಂದು ಚೀಲ ಅಂಟಿಸಿ ಕಳಿಸಿದರು. ಇನ್ನು ಜೀವಮಾನವಿಡೀ ಮೂತ್ರ ಅದರಲ್ಲೇ. ಗಾಯ ಮಾಯಿತು. ಆದರೆ ದಿನವೂ ಜಗುಲಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಕೂಗಿ ಮಾತಾಡಿಸುತ್ತಿದ್ದ ಮನುಷ್ಯ ಒಳಕೋಣೆಯಿಂದ ಹೊರಗೇ ಬರಲಿಲ್ಲ.

ಒಂದು ಬೆಳಿಗ್ಗೆ ಕಾಫಿ ಕೊಡಲು ಹೋದರೆ ಕೊರಳು ಬರಿದಾಗಿತ್ತು. ಮೈಬಿಡದ ಲಿಂಗವನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟಿದ್ದರು.

"ಮೂರು ಹೊತ್ತೂ ಉಚ್ಚೆ ಹೊತ್ಕಂಡಿರೋ ಮೈ ಕಣಮ್ಮ ಇದು. ಶಿವನ್ನ ಯಾಕೆ ಹೊಲಸು ಮಾಡ್ಲಿ?"

ನಮ್ಮಲ್ಲಿ ಪ್ರಾಣ ಹೋದರೂ ಲಿಂಗ ಬಿಡುವುದಿಲ್ಲ. ಮಣ್ಣಿಗೂ ಅದರ ಜೊತೆಯೇ ಹೋಗುವುದು. ಅದನ್ನೇ ಬಿಚ್ಚಿಟ್ಟವರು ಇನ್ನೇನನ್ನು ಬಿಚ್ಚಿಡಲು ಹೊರಟಿದ್ದಾರೋ ಎಂದು ಹೆದರಿ ಮಠಕ್ಕೆ ಹೇಳಿಕಳಿಸಿದೆ. ಮಠದ ಅಯ್ಯನವರು ಬಂದು, "ಲಿಂಗ ಕಟ್ಟಿದೋರಿಗೆ ಮೈಲಿಗೆ ಎಲ್ಲಿದೆ ಯಜಮಾನ್ರೆ?" ಎಂದರು. ಮಾವ ಕೈಮುಗಿದರು, ಲಿಂಗ ಮಾತ್ರ ಗೂಡಿನಲ್ಲೇ ಉಳಿಯಿತು.

ನಾನೇನು ಮಾಡಿದೆ ಕೇಳಿ. ಇನ್ನೊಬ್ಬರ ಮೈಯ ಊನ ನೋಡುವುದು ಬ್ಯಾಡ್ ಮ್ಯಾನರ್ಸ್ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಹಾಗಾಗಿ ಗೋಡೆಯ ಕ್ಯಾಲೆಂಡರ್ ನೋಡುತ್ತಾ "ಚಿಯರ್ ಅಪ್, ಮಾವ" ಎನ್ನುತ್ತಿದ್ದೆ! ಚೀಲ ಕಾಣದಿರಲೆಂದು ನನ್ನ ಹಳೆಯ ಹೂವಿನ ಫ್ರಾಕು ಕತ್ತರಿಸಿ ಅದಕ್ಕೊಂದು ಕವರ್ ಹೊಲಿದೆ. ಮನೆಯವರೂ ನನ್ನ ಹಾಗೆಯೇ. ಎಲ್ಲರ ಕಣ್ಣೂ ಕ್ಯಾಲೆಂಡರಿನ ಮೇಲೆ.

ಆಮೇಲೆ ಸಖರಾಯಪಟ್ಟಣದಿಂದ ಅವರ ಬಾಲ್ಯದ ಗೆಳೆಯ ಮರುಳಪ್ಪನವರು ಬಂದರು. ಬಂದವರೇ ನೇರವಾಗಿ ಚೀಲವನ್ನೇ ನೋಡಿದರು.

"ಏನೋ ಇದು, ಮುದುಕಿ ಹಂಗೆ ಸಂಚಿ ಕಟ್ಕಂಡ್ ಕುಂತಿದೀಯ? ಎಲೆ ಅಡಿಕೆ ಐತೇನೋ?"

ನಾನು ನಾಚಿಕೆಯಿಂದ ಮತ್ತೆ ಕ್ಯಾಲೆಂಡರಿನತ್ತ ತಿರುಗಿದೆ. ಮಾವ ತಲೆಯೆತ್ತಿದರು.

"ಲೇ, ಉಚ್ಚೆ ಐತೆ. ಬೇಕೇನೋ?"

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಮಾವ ಅತ್ತುಬಿಟ್ಟರು. "ಹೆದ್ರಿಕೆ ಆಯ್ತದೆ ಕಣೋ."

"ಆಗ್ದೆ ಇರ್ತದಾ? ಹೇಳು, ಕೇಳ್ತೀನಿ."

ಸಂಜೆಯ ಬಸ್ಸಿನವರೆಗೂ ಕೇಳಿದರು. ಮರುದಿನ ಮಾವ ಜಗುಲಿಯಲ್ಲಿದ್ದರು. ಕೊರಳಲ್ಲಿ ಲಿಂಗ, ಪಕ್ಕದಲ್ಲಿ ಹೂವಿನ ಚೀಲ. ಇನ್ನೂ ಆರು ವರ್ಷ ಬದುಕಿದರು. ಲಿಂಗ ಅವರ ಜೊತೆ ಹೋಯಿತು, ಚೀಲ ನನ್ನ ಟ್ರಂಕಿಗೆ ಬಂತು.

ಅಯ್ಯನವರ ಮಾತು ತಡವಾಗಿ ನಾಟಿತೋ, ಮರುಳಪ್ಪನವರ ಕುಚೋದ್ಯವೋ, ಆ ಅಳುವೋ, ನನ್ನ ಫ್ರಾಕಿನ ಹೂವೋ? ಐ ಆಮ್ ಸ್ಟಿಲ್ ಕನ್‌ಫ್ಯೂಸ್ಡ್.

ಸ್ವೆಟರ್ ಹುಡುಕುತ್ತಿದ್ದುದು ತರೀಕೆರೆಯಲ್ಲಿರುವ ನನ್ನ ತಮ್ಮನಿಗೆ. ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಆಗಿ ತಿಂಗಳಾಯಿತು. ದಿನಾ ಫೋನಿನಲ್ಲಿ ಚಳಿಯ ಬಗ್ಗೆ ಮಾತಾಡುತ್ತೇವೆ. ಅದೂ ಕ್ಯಾಲೆಂಡರ್ ನೋಡಿದ ಹಾಗೆಯೇ ಅಲ್ಲವೇ? ಟ್ರಂಕನ್ನು ಹಾಗೇ ಬಿಟ್ಟು ಫೋನ್ ಮಾಡಿದೆ.

"ಹೆದ್ರಿಕೆ ಆಗುತ್ತೇನೋ?"

"ಇವತ್ತಾದ್ರೂ ಕೇಳ್ದೆಯಲ್ಲ ಕಣಕ್ಕ."

ನಾನು ಕುರ್ಚಿ ಎಳೆದುಕೊಂಡು ಕೂತೆ.