ಎಡಗಡೆಯ ಅರ್ಧ

ಈ ಬೆಳಿಗ್ಗೆಯೂ ಬಿಳಿ ಹಾಳೆಯನ್ನು ಉದ್ದಕ್ಕೆ ಎರಡಾಗಿ ಮಡಿಸಿ, ಮಡಿಕೆಯ ಮೇಲೆ ಉಗುರು ಎಳೆದೆ. ಸರ್ರೆಂದು ಸಣ್ಣದೊಂದು ಸದ್ದು. ಅದು ಕಿವಿಗೆ ಬಿದ್ದರೆ ಸಾಕು, ರಾಮಕೃಷ್ಣನಗರದ ನಮ್ಮ ಮನೆಯ ಕಿಟಕಿ, ಹೊರಗಿನ ಹೊಂಗೆಮರ ಎಲ್ಲ ಮಸುಕಾಗಿ, ನನ್ನ ಮೊದಲ ಕಚೇರಿಯ ಶಿರಸ್ತೇದಾರರು ಬಂದು ಎದುರಿಗೆ ನಿಲ್ಲುತ್ತಾರೆ.

ಕರಡು ಬರೆಯಲು ಕಲಿಸಿದವರು ಅವರೇ. ಹಾಳೆಯನ್ನು ಮಡಿಸಿ, ಬಿಡಿಸಿ, ಬಲಗಡೆಯ ಅರ್ಧದಲ್ಲಿ ಮಾತ್ರ ಬರೆಯಬೇಕು. ನಾನೋ ಮೊದಲ ದಿನ ಹುಮ್ಮಸ್ಸಿನಲ್ಲಿ ಹಾಳೆ ತುಂಬ ಬರೆದುಕೊಂಡು ಹೋಗಿದ್ದೆ. ಕನ್ನಡಕದ ಮೇಲಿಂದ ನೋಡಿ ನಕ್ಕರು.

"ಎಡಗಡೆ ನಮ್ಮದಲ್ಲ ಕಣಮ್ಮ. ಎಷ್ಟೇ ಚೆನ್ನಾಗಿ ಬರೆದ್ರೂ, ಗೊತ್ತಿರೋರು ತಿದ್ದೋಕೆ ಅಂತ ಅರ್ಧ ಜಾಗ ಬಿಟ್ಬುಡ್ಬೇಕು."

ಆ ಮಾತು ಕೈಗೆ ಎಷ್ಟು ಅಂಟಿಕೊಂಡಿತೆಂದರೆ, ಮನೆಯ ದಿನಸಿ ಚೀಟಿಯನ್ನೂ ಬಲಗಡೆಗೇ ಬರೆಯುತ್ತಿದ್ದೆ.

ನಿವೃತ್ತಿಗೆ ಇನ್ನೂ ಕೆಲವು ವರ್ಷ ಇರುವಾಗಲೇ ನೌಕರಿ ಬಿಟ್ಟೆ. ಕಾರಣ ಅಮ್ಮ. ಅವಳಿಗೆ ಹೆಸರುಗಳು ಒಂದೊಂದಾಗಿ ಮರೆಯತೊಡಗಿದ್ದವು. ಕೇಳಿದರೆ ಹೇಳುವಷ್ಟು ನೆನಪು ಅವಳಲ್ಲಿ ಉಳಿದಿರುವಾಗಲೇ ನಮ್ಮಿಬ್ಬರ ಕಾಲವನ್ನು ಬರೆದಿಡಬೇಕೆಂಬ ಆಸೆ. ಆಸೆಗಿಂತ ಹೆಚ್ಚಾಗಿ ಭಯ. ದಿನವೂ ಆರು ಗಂಟೆಗೆ ಮೇಜಿನ ಮುಂದೆ ಕೂರಬೇಕೆಂದು ನಿಯಮ ಮಾಡಿದೆ. ನಿಯಮ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ನೋಡಿ. ಪೆನ್ಸಿಲ್ ಚೂಪು ಮಾಡಿದೆ, ಮೇಜು ಒರೆಸಿದೆ, ಹೊಂಗೆಯ ನೆರಳು ಗೋಡೆಯಿಂದ ನೆಲಕ್ಕೆ ಇಳಿಯುವುದನ್ನು ನೋಡುತ್ತ ಕೂತೆ. ಎರಡನೇ ಶನಿವಾರ ಸರ್ಕಾರಿ ರಜೆಯೆಂದು ಪೆನ್ಸಿಲ್ ಮುಟ್ಟಲೇ ಇಲ್ಲ. ರಜೆ ಮಂಜೂರು ಮಾಡಿದವಳೂ ನಾನೇ.

"ಅಂಥಾ ಕೆಲ್ಸ ಬಿಟ್ಬುಟ್ಟು ಬಂದಿದ್ದು ಪೆನ್ಸಿಲ್ ಚೂಪು ಮಾಡೋಕೇನೇ?" ಎಂದಳು ಅಮ್ಮ.

ಆ ಮಾತು ಎಬ್ಬಿಸಿದ ರೋಷಕ್ಕೋ ಏನೋ, ಮಾರನೆಯ ದಿನ ಕೈ ಓಡಿತು. ಮೊದಲ ನೌಕರಿಗೆಂದು ಊರು ಬಿಟ್ಟ ದಿನದ ಬಗ್ಗೆ ಬರೆದೆ. ಆಗ ನಾವು ದೇವರಾಜ ಮೊಹಲ್ಲಾದಲ್ಲಿದ್ದೆವು. ಬಸ್ಸಿನಲ್ಲಿ ಕೂತು ನಾನು ಬಿಕ್ಕುತ್ತಿದ್ದರೂ ಕೆಳಗೆ ನಿಂತಿದ್ದ ಅಮ್ಮನ ಕಣ್ಣು ಒದ್ದೆಯಾಗಲಿಲ್ಲ, ಅವಳದು ಕಲ್ಲುಮನಸ್ಸು ಎಂದು ಬರೆದೆ. ಮೂವತ್ತು ವರ್ಷದ ಮುನಿಸು ಆ ಸಾಲಿನಲ್ಲಿತ್ತು. ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಕಾಫಿ ಬೆರೆಸಲು ಹೋದೆ. ಬಂದು ನೋಡಿದರೆ ಖಾಲಿ ಬಿಟ್ಟ ಎಡಗಡೆಯಲ್ಲಿ ಅಮ್ಮನ ನಡುಗುವ ಅಕ್ಷರ: "ಬಸ್ಸು ತಿರುಗೋವರೆಗೂ ತಡ್ಕೊಂಡಿದ್ದೆ. ಆಮೇಲೆ ಮಾರ್ಕೆಟ್ ಹಿಂದಿನ ನಲ್ಲೀಲಿ ಮುಖ ತೊಳ್ಕೊಂಡು ಮನೆಗೆ ಬಂದೆ."

ಇಷ್ಟು ವರ್ಷ ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಆ ಅರ್ಧ ಜಾಗ ಯಾರಿಗೆಂದು ಅಂದು ಗೊತ್ತಾಯಿತು.

ಅಂದಿನಿಂದ ದಿನಚರಿ ಕುದುರಿತು. ಬೆಳಿಗ್ಗೆ ಬಲಗಡೆ ನಾನು, ಮಧ್ಯಾಹ್ನ ಎಡಗಡೆ ಅಮ್ಮ. ಚಿಕ್ಕಪ್ಪನ ಸೈಕಲ್ಲಿನ ಬಣ್ಣ ತಿದ್ದಿದಳು, ನನ್ನ ಜರಿಲಂಗ ಹರಿದದ್ದು ಎಲ್ಲಿ ಎಂಬುದನ್ನು ತಿದ್ದಿದಳು. ಎರಡನೇ ಶನಿವಾರವೂ ರಜೆಯಿಲ್ಲ. ಬರಬರುತ್ತ ಮಾತ್ರ ಅವಳ ಸಾಲುಗಳು ಕಡಿಮೆಯಾದವು. ಕೆಲವು ದಿನ ಬರೀ ಒಂದು ಗೆರೆ ಇರುತ್ತಿತ್ತು.

ನಿನ್ನೆಯ ಹಾಳೆಯಲ್ಲಿ ಹೀಗಿತ್ತು: "ಈ ಹುಡುಗಿ ಯಾರು? ಚೆನ್ನಾಗಿ ಬರೀತಾಳೆ."

ಅದನ್ನು ಮತ್ತೊಮ್ಮೆ ಓದಿದೆ. ಕಣ್ಣೀರು ಬಂತು. ಮೆಚ್ಚುಗೆಗೆ ಒಂದಿಷ್ಟು ಹಿಗ್ಗಿದೆ ಕೂಡ, ಸುಳ್ಳೇಕೆ ಹೇಳಲಿ.

ಇವತ್ತು ಮಡಿಸಿದ ಹಾಳೆಯ ಬಲಗಡೆ ಒಂದೇ ಸಾಲು ಬರೆದಿದ್ದೇನೆ: "ಅಮ್ಮಾ, ಬಸ್ಸಿನಲ್ಲಿ ಕೂತು ಅಳುತ್ತಿದ್ದಳಲ್ಲ, ಅವಳೇ ನಾನು." ಪೆನ್ಸಿಲ್ ಚೂಪು ಮಾಡಿ ಅವಳ ಕೈಗೆಟುಕುವಲ್ಲಿ ಇಟ್ಟಿದ್ದೇನೆ. ಎಡಗಡೆ ಖಾಲಿ ಇದೆ.